ಕಾಣದ ಬೆಳಕಿನ ಫೋಟೋಗ್ರಾಫರ್: ರಾಬರ್ಟ್ ವುಡ್

ಟಿವಿ ರಿಮೋಟಿನ ತುದಿಗೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದು ಬಟನ್ ಒತ್ತಿ ನೋಡಿದ್ದೀರಾ? ಬರಿಗಣ್ಣಿಗೆ ಏನೂ ಕಾಣಲ್ಲ. ಆದರೆ ಸ್ಕ್ರೀನ್ ಮೇಲೆ ನಸು ನೇರಳೆ ಬಣ್ಣದ ಒಂದು ಚುಕ್ಕೆ ಮಿಣಮಿಣ ಅನ್ನುತ್ತೆ. ಅದೇ ಇನ್‌ಫ್ರಾರೆಡ್, ಪಠ್ಯಪುಸ್ತಕದ ಕನ್ನಡದಲ್ಲಿ ಅವಕೆಂಪು ಬೆಳಕು. ಈ ಬೆಳಕು ಇದೆ ಅಂತ 1800ರಲ್ಲೇ ವಿಲಿಯಂ ಹರ್ಷೆಲ್ ಕಂಡುಹಿಡಿದಿದ್ದರು. ಪಟ್ಟಕದಿಂದ ಬಂದ ಕಾಮನಬಿಲ್ಲಿನಲ್ಲಿ ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರೆ ಪಾದರಸ ಏರಿತ್ತು. ಆದರೆ ಆ ಬೆಳಕಿನಲ್ಲಿ ನಮ್ಮ ಭೂಮಿ ಹೇಗೆ ಕಾಣುತ್ತೆ ಅಂತ ಜಗತ್ತಿಗೆ ತೋರಿಸೋಕೆ ಇನ್ನೂ 110 ವರ್ಷ ಬೇಕಾಯ್ತು. ತೋರಿಸಿದವರು ಅಮೆರಿಕದ ರಾಬರ್ಟ್ ವಿಲಿಯಮ್ಸ್ ವುಡ್. ಇನ್‌ಫ್ರಾರೆಡ್ ಫೋಟೋದಲ್ಲಿ ಗಿಡಮರಗಳು ಬೆಳ್ಳಗೆ ಕಾಣೋದಕ್ಕೆ ಇಂದಿಗೂ ವುಡ್ ಎಫೆಕ್ಟ್ ಅಂತಲೇ ಹೆಸರು. ಇಂಗ್ಲಿಷಿನಲ್ಲಿ ವುಡ್ ಅಂದ್ರೆ ಮರ, ಅದಕ್ಕೇ ಈ ಹೆಸರು ಅಂದುಕೊಳ್ಳೋರು ಬಹಳ ಜನ. ಅಲ್ಲ, ಅದು ಇವರ ಹೆಸರು.

ಕಾರ್ಖಾನೆಯಲ್ಲಿ ಬೆಳೆದ ಹುಡುಗ

ವುಡ್ ಹುಟ್ಟಿದ್ದು 1868ರ ಮೇ 2ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ. ತಂದೆ ಡಾಕ್ಟರ್. ಮುಂದೆ ಅವರ ಮನೆ ಬಾಸ್ಟನ್ ಹತ್ತಿರದ ಜಮೈಕಾ ಪ್ಲೇನ್‌ಗೆ ಬಂತು. ಅಲ್ಲೇ ಪಕ್ಕದಲ್ಲಿ ದೊಡ್ಡ ದೊಡ್ಡ ಫ್ಯಾನುಗಳನ್ನು ತಯಾರಿಸೋ ಸ್ಟರ್ಟೆವಂಟ್ ಕಂಪನಿಯ ಕಾರ್ಖಾನೆ ಇತ್ತು. ಮಾಲೀಕರು ಈ ಹುಡುಗನಿಗೆ ಯಾವಾಗ ಬೇಕಾದರೂ ಒಳಗೆ ಬಂದು ಯಂತ್ರಗಳ ಜೊತೆ ಆಡೋಕೆ ಬಿಟ್ಟುಬಿಟ್ಟರು. ನಮಗೆ ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ಸಿಗೋ ಅನುಭವ ಅವನಿಗೆ ಹತ್ತು ಹನ್ನೆರಡನೇ ವಯಸ್ಸಿಗೇ ಸಿಕ್ಕಿತು. ಶಾಲೆಯ ಪಾಠಕ್ಕಿಂತ ಆ ಕಾರ್ಖಾನೆಯ ಲೇತು, ಪ್ರೆಸ್ಸುಗಳೇ ಅವನ ನಿಜವಾದ ಮೇಷ್ಟ್ರು ಅನ್ನಬಹುದು.

1891ರಲ್ಲಿ ಹಾರ್ವರ್ಡ್‌ನಲ್ಲಿ ಕೆಮಿಸ್ಟ್ರಿ ಡಿಗ್ರಿ ಆಯ್ತು. ಆಮೇಲೆ ಜಾನ್ಸ್ ಹಾಪ್ಕಿನ್ಸ್, ಶಿಕಾಗೋ, ಅಲ್ಲಿಂದ ಬರ್ಲಿನ್. ಬರ್ಲಿನ್‌ಗೆ ಹೋಗಿದ್ದು ಕೆಮಿಸ್ಟ್ರಿಗೆ, ಆದರೆ ಅಲ್ಲಿ ಸಿಕ್ಕ ಹೈನ್ರಿಕ್ ರೂಬೆನ್ಸ್ ಅವರ ಪ್ರಭಾವದಿಂದ ಫಿಸಿಕ್ಸ್‌ಗೆ ಬ್ರಾಂಚ್ ಚೇಂಜ್ ಮಾಡಿಬಿಟ್ಟರು. ರೂಬೆನ್ಸ್ ಕೆಲಸ ಮಾಡ್ತಿದ್ದದ್ದು ಇನ್‌ಫ್ರಾರೆಡ್ ಮೇಲೇ. ಆಗಿನ ಕಾಲಕ್ಕೇ ಹುಚ್ಚು ಅನ್ನಿಸೋ ಇನ್ನೊಂದು ಕೆಲಸವನ್ನೂ ವುಡ್ ಅಲ್ಲಿ ಮಾಡಿದರು. ಗ್ಲೈಡರ್ ಕಟ್ಟಿಕೊಂಡು ಗುಡ್ಡದಿಂದ ಹಾರುತ್ತಿದ್ದ ಒಟ್ಟೊ ಲಿಲಿಯೆಂಥಾಲ್ ಅವರನ್ನು ಹುಡುಕಿಕೊಂಡು ಹೋಗಿ, ಅವರು ಹಾರೋದನ್ನು ಫೋಟೋ ತೆಗೆದು, ತಾವೂ ಒಂದಿಷ್ಟು ಹಾರಿ ನೋಡಿದರು. ಅದಾದ ಕೆಲವೇ ದಿನಕ್ಕೆ, 1896ರ ಆಗಸ್ಟ್‌ನಲ್ಲಿ, ಲಿಲಿಯೆಂಥಾಲ್ ಗ್ಲೈಡರ್ ಬಿದ್ದು ತೀರಿಕೊಂಡರು.

ಅಮೆರಿಕಕ್ಕೆ ವಾಪಸ್ ಬಂದು ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ ಮೇಷ್ಟ್ರಾದರು. ಅಲ್ಲಿಯ ಚಳಿಗೆ ನೆಲದೊಳಗಿನ ನೀರಿನ ಪೈಪುಗಳು ಹೆಪ್ಪುಗಟ್ಟಿ ಊರಿಗೇ ನೀರಿಲ್ಲದಂತಾದಾಗ, ನೆಲ ಅಗೆಯೋ ಬದಲು ಕಬ್ಬಿಣದ ಪೈಪಿನಲ್ಲೇ ಕರೆಂಟ್ ಹರಿಸಿ ಬಿಸಿ ಮಾಡಿ ಹಿಮ ಕರಗಿಸಿದರು. ಎಲೆಕ್ಟ್ರಿಕಲ್‌ನವರು ಇದಕ್ಕೆ ಒಂದು ಚಪ್ಪಾಳೆ ಹೊಡೀಬೇಕು. 1901ರಲ್ಲಿ, 33ನೇ ವಯಸ್ಸಿಗೆ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರೊಫೆಸರ್ ಆದರು. ಪಿಎಚ್‌ಡಿ ಮಾತ್ರ ಮಾಡಿರಲಿಲ್ಲ!

ಬಕೆಟ್ಟು, ಪಾದರಸ ಮತ್ತು ಬೆಕ್ಕು

ವುಡ್ ಅವರ ಪ್ರಯೋಗಗಳನ್ನು ನೋಡಿದರೆ ದುಡ್ಡಿಲ್ಲ, ಇಕ್ವಿಪ್‌ಮೆಂಟ್ ಇಲ್ಲ ಅಂತ ನೆಪ ಹೇಳೋಕೆ ನಾಚಿಕೆ ಆಗುತ್ತೆ. ನೀರೊಳಗಿನ ಮೀನಿಗೆ ಹೊರಗಿನ ಲೋಕ ಹೇಗೆ ಕಾಣಬಹುದು ಅನ್ನೋ ಪ್ರಶ್ನೆ ತಲೆಗೆ ಬಂತು. ಒಂದು ಡಬ್ಬಿಗೆ ನೀರು ತುಂಬಿ, ಒಳಗೆ ಫೋಟೋ ಪ್ಲೇಟ್ ಇಟ್ಟು, ಸೂಜಿರಂಧ್ರದಿಂದ ಬೆಳಕು ಬಿಟ್ಟರು. ಇಡೀ ಆಕಾಶ ಒಂದು ವೃತ್ತದೊಳಗೆ ಬಂದು ಕೂತಿತು. 1906ರಲ್ಲಿ ಅದರ ಬಗ್ಗೆ ಬರೆದ ಲೇಖನದಲ್ಲಿ ಅದನ್ನು ಮೀನಿನ ಕಣ್ಣಿನ ನೋಟ ಅಂತ ಕರೆದರು. ಇವತ್ತು ಫಿಶ್‌ಐ ಲೆನ್ಸ್ ಅಂತೀವಲ್ಲ, ಆ ಹೆಸರಿನ ಮೂಲ ಇದೇ.

ರಜೆಗೆ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್‌ನಲ್ಲಿದ್ದ ಮನೆಗೆ ಹೋಗ್ತಿದ್ದರು. ಅಲ್ಲಿನ ಹಳೇ ಕೊಟ್ಟಿಗೆಯೇ ಅವರ ಲ್ಯಾಬ್. ಪಾದರಸ ತುಂಬಿದ ಬೋಗುಣಿಯನ್ನು ಒಂದೇ ವೇಗದಲ್ಲಿ ತಿರುಗಿಸಿದರೆ ಅದರ ಮೇಲ್ಮೈ ತಾನಾಗೇ ಪ್ಯಾರಾಬೋಲಾ ಆಗುತ್ತೆ ಅಲ್ವಾ, ಅದನ್ನೇ ಕನ್ನಡಿಯಾಗಿ ಬಳಸಿ ಟೆಲಿಸ್ಕೋಪ್ ಮಾಡಿದರು. ಅದೇ ತತ್ವದ 4 ಮೀಟರ್ ಅಗಲದ ಪಾದರಸದ ಟೆಲಿಸ್ಕೋಪ್ ಇವತ್ತು ನಮ್ಮ ಉತ್ತರಾಖಂಡದ ದೇವಸ್ಥಲದಲ್ಲಿದೆ. ಅದೇ ಕೊಟ್ಟಿಗೆಯಲ್ಲಿ ಸುಮಾರು 40 ಅಡಿ ಉದ್ದದ ಸ್ಪೆಕ್ಟ್ರೋಸ್ಕೋಪ್ ಕೂಡ ಕಟ್ಟಿದ್ದರು. ಅವರು ಊರಲ್ಲಿ ಇಲ್ಲದಾಗ ಅದರ ಕೊಳವೆ ತುಂಬ ಜೇಡರಬಲೆ. ಮನೆಯ ಬೆಕ್ಕನ್ನು ಒಂದು ತುದಿಯಿಂದ ಒಳಗೆ ಬಿಟ್ಟು ಇನ್ನೊಂದು ತುದಿಯಿಂದ ಹೊರಗೆ ಓಡಿಸಿದರು. ಬಲೆಯೆಲ್ಲ ಕ್ಲೀನ್. ಫಿಸಿಕ್ಸ್ ಚರಿತ್ರೆಯಲ್ಲಿ ಶ್ರೋಡಿಂಗರ್ ಬೆಕ್ಕಿಗಿಂತ ಮುಂಚೆ ಬಂದ ಬೆಕ್ಕು ಇದು, ಮತ್ತು ಇದು ನಿಜವಾಗಿ ಇತ್ತು.

1910: ಹಸಿರೆಲ್ಲ ಬಿಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಕಾಲದ ಫೋಟೋ ಪ್ಲೇಟುಗಳು ನೀಲಿ, ನೇರಳೆ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹಳ ಕಷ್ಟ. ಅಷ್ಟರಲ್ಲಿ ಕೆಲವು ಡೈಗಳನ್ನು ಸೇರಿಸಿ ಕಡುಗೆಂಪಿನವರೆಗೂ ಸ್ಪಂದಿಸೋ ಪ್ಲೇಟುಗಳು ಬಂದಿದ್ದವು. ವುಡ್ ಮಾಡಿದ್ದು ಇಷ್ಟೇ: ಕಣ್ಣಿಗೆ ಕಾಣೋ ಬೆಳಕನ್ನೆಲ್ಲ ತಡೆದು, ಕೆಂಪಿನ ಕೊನೆಯ ಅಂಚು ಮತ್ತು ಅದರಾಚೆಯ ಬೆಳಕನ್ನು ಮಾತ್ರ ಬಿಡೋ ಫಿಲ್ಟರ್ ತಯಾರಿಸಿ ಲೆನ್ಸಿಗೆ ಹಾಕಿದರು. ಒಳ್ಳೇ ಬಿಸಿಲಲ್ಲೂ ಒಂದು ಫೋಟೋಗೆ ನಿಮಿಷಗಟ್ಟಲೆ ಎಕ್ಸ್‌ಪೋಷರ್ ಬೇಕಾಗ್ತಿತ್ತು. ಪ್ಲೇಟ್ ತೊಳೆದು ನೋಡಿದರೆ ಬೇರೆಯೇ ಲೋಕ. ಮರಗಳು ಹಿಮ ಬಿದ್ದಂತೆ ಬೆಳ್ಳಗೆ, ಆಕಾಶ ಅಮಾವಾಸ್ಯೆ ಹಾಗೆ ಕಪ್ಪು, ನೆರಳು ಇನ್ನೂ ಕಪ್ಪು. 1910ರಲ್ಲಿ ಈ ಚಿತ್ರಗಳು ಅಮೆರಿಕದ ಒಂದು ಪತ್ರಿಕೆಯಲ್ಲೂ ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಜರ್ನಲ್‌ನಲ್ಲೂ ಬಂದವು.

ಯಾಕೆ ಹೀಗೆ? ಎಲೆಯಲ್ಲಿರೋ ಕ್ಲೋರೋಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತೆ, ಹಸಿರನ್ನು ಸ್ವಲ್ಪ ಬಿಡುತ್ತೆ. ಆದರೆ ಸುಮಾರು 700 ನ್ಯಾನೋಮೀಟರ್ ದಾಟಿದ ಮೇಲೆ ಅದು ಹೆಚ್ಚೂಕಮ್ಮಿ ಪಾರದರ್ಶಕ. ಆ ಬೆಳಕು ಎಲೆಯೊಳಗಿನ ಸ್ಪಂಜಿನಂಥ ಪದರಕ್ಕೆ ಹೋಗಿ, ಜೀವಕೋಶ ಮತ್ತು ಗಾಳಿಯ ಸಂದುಗಳ ಮಧ್ಯೆ ಅತ್ತಿತ್ತ ಚದುರಿ ವಾಪಸ್ ಬರುತ್ತೆ. ಹಿಮ ಬೆಳ್ಳಗಿರೋದೂ ಇದೇ ಕಾರಣಕ್ಕೆ. ಆಕಾಶದ ಕಥೆ ರೇಲೀ ಸ್ಕ್ಯಾಟರಿಂಗ್. ಬೆಳಕು ಚದುರೋದು ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ. 450 ನ್ಯಾನೋಮೀಟರಿನ ನೀಲಿಗೂ 720ಕ್ಕೂ ಲೆಕ್ಕ ಹಾಕಿದರೆ, ನೀಲಿ ಸುಮಾರು ಆರೂವರೆ ಪಟ್ಟು ಜಾಸ್ತಿ ಚದುರುತ್ತೆ. ಅಂದ್ರೆ ಇನ್‌ಫ್ರಾರೆಡ್‌ನಲ್ಲಿ ಆಕಾಶದಿಂದ ನಮ್ಮ ಕಡೆ ಬರೋ ಬೆಳಕೇ ಕಮ್ಮಿ, ಹಾಗಾಗಿ ಕಪ್ಪು.

ವುಡ್‌ಗೆ ನಿಮಿಷಗಳು ಹಿಡಿದ ಕೆಲಸ ಇವತ್ತು ನಮಗೆ ಸೆಕೆಂಡುಗಳದ್ದು. ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ತನಕ ನೋಡಬಲ್ಲದು. ಬಣ್ಣ ಕೆಡಬಾರದು ಅಂತ ಕಂಪನಿಯವರೇ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯೋ ಗಾಜು ಹಾಕಿರ್ತಾರೆ. ಆದರೆ ಅದು ಪೂರ್ತಿ ತಡೆಯಲ್ಲ, ಹಳೇ ಕ್ಯಾಮೆರಾಗಳಲ್ಲಂತೂ ಸೋರಿಕೆ ಜಾಸ್ತಿ. ಬೇಲೂರು ತಾಲೂಕಿನ ನಮ್ಮ ಗೆಂಡೆಹಳ್ಳಿಯಲ್ಲಿ ಬೇಸಿಗೆ ರಜೆಯಲ್ಲಿ ನಾನು ಮಾಡಿದ್ದು ಈ ಸೋರಿಕೆಯ ಮೇಲೇ. ಮಾವನ ಹಳೇ ಡಿಎಸ್‌ಎಲ್‌ಆರ್, 720 ನ್ಯಾನೋಮೀಟರ್ ಫಿಲ್ಟರ್, ಒಂದು ಟ್ರೈಪಾಡ್. ಫಿಲ್ಟರ್ ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಕತ್ತಲೆ, ಅದಕ್ಕೆ ಮೊದಲೇ ಫ್ರೇಮ್ ಮಾಡಿ ಫೋಕಸ್ ಲಾಕ್ ಮಾಡ್ಕೋಬೇಕು. ಇನ್‌ಫ್ರಾರೆಡ್‌ನ ಫೋಕಸ್ ಕೊಂಚ ಬೇರೆ ಕಡೆ ಬೀಳೋದರಿಂದ ಅಪರ್ಚರ್ ಎಫ್ 8ಕ್ಕೆ ಇಳಿಸಿದರೆ ಸೇಫ್. ಹಳೇ ಲೆನ್ಸುಗಳ ಮೇಲೆ ಇದಕ್ಕೆಂದೇ ಒಂದು ಕೆಂಪು ಗುರುತು ಇರುತ್ತೆ. ವೈಟ್ ಬ್ಯಾಲೆನ್ಸ್ ಹುಲ್ಲಿನ ಮೇಲೆ. ನಡುಮಧ್ಯಾಹ್ನದ ಬಿಸಿಲಿಗೆ 20 ಸೆಕೆಂಡ್ ಎಕ್ಸ್‌ಪೋಷರ್. ಗಾಳಿ ಬೀಸಿದರೆ ಎಲೆಗಳೆಲ್ಲ ಮಸುಕು. ಬಂದ ಫೋಟೋದಲ್ಲಿ ಕಾಫಿ ಗಿಡ, ಸಿಲ್ವರ್ ಓಕ್ ಎಲ್ಲ ಬೆಳ್ಳಗೆ, ಕೆರೆ ನೀರು ಕಪ್ಪಗೆ. ಹಸಿರು ಪೇಂಟ್ ಹೊಡೆದ ಗೇಟು ಮಾತ್ರ ಎಲೆಯ ಹಾಗೆ ಬೆಳ್ಳಗಾಗದೆ ಕಪ್ಪಗೇ ಉಳಿದಿತ್ತು. ಎರಡೂ ಕಣ್ಣಿಗೆ ಒಂದೇ ಹಸಿರು, ಕ್ಯಾಮೆರಾಗೆ ಅಲ್ಲ! ಎರಡನೇ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದು ಅಡಗಿಸಿಟ್ಟ ಯುದ್ಧ ಸಾಮಗ್ರಿಯನ್ನು ವಿಮಾನದಿಂದ ಪತ್ತೆ ಹಚ್ಚುತ್ತಿದ್ದದ್ದೂ ಹೀಗೇ. ಅಜ್ಜಿ ಫೋಟೋ ನೋಡಿ, ತೋಟಕ್ಕೆ ಯಾರು ಸುಣ್ಣ ಬಳಿದದ್ದು ಅಂತ ಕೇಳಿದರು.

ಒಂದು ವಿಷಯ ನೆನಪಿರಲಿ. ಇದು ಸಿನಿಮಾದಲ್ಲಿ ತೋರಿಸೋ ಥರ್ಮಲ್ ಕ್ಯಾಮೆರಾ ಅಲ್ಲ. ನಮ್ಮ ಮೈಯ ಶಾಖ ಹೊರಡೋದು ಹೆಚ್ಚಾಗಿ 10 ಮೈಕ್ರೋಮೀಟರ್ ಆಸುಪಾಸಿನಲ್ಲಿ, ಅಂದ್ರೆ 10,000 ನ್ಯಾನೋಮೀಟರ್. ಸಿಲಿಕಾನ್ ಸೆನ್ಸರ್‌ಗೆ ಅದು ಕಾಣೋ ಮಾತೇ ಇಲ್ಲ. ಇನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಕಾಣೋ ನೀಲಿ ಆಕಾಶ, ಗುಲಾಬಿ ಮರಗಳ ಇನ್‌ಫ್ರಾರೆಡ್ ಫೋಟೋಗಳ ಬಣ್ಣ ಎಡಿಟಿಂಗ್‌ನಲ್ಲಿ ಕೊಟ್ಟದ್ದು. ಇನ್‌ಫ್ರಾರೆಡ್‌ಗೆ ಅದರದೇ ಅಂತ ಬಣ್ಣ ಇಲ್ಲ. ಬಿಳಿ ಕಪ್ಪು ವ್ಯತ್ಯಾಸ ಮಾತ್ರ ನಿಜ.

ಕೆಂಪಿನ ಆಚೆ ನೋಡಿದ ವುಡ್ ನೇರಳೆಯ ಆಚೆಯನ್ನೂ ಬಿಡಲಿಲ್ಲ. ಅತಿನೇರಳೆ ಬೆಳಕಲ್ಲಿ ಫೋಟೋ ತೆಗೆದಾಗ ಬಿಸಿಲಲ್ಲಿ ನಿಂತ ಮನುಷ್ಯನಿಗೆ ನೆರಳೇ ಇಲ್ಲದಂತೆ ಕಂಡಿತು. ಆ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಚದುರಿ ಬರೋದರಿಂದ ನೆರಳು ತುಂಬಿಹೋಗುತ್ತೆ. ಚಂದ್ರನನ್ನೂ ಹೀಗೇ ತೆಗೆದು, ಅರಿಸ್ಟಾರ್ಕಸ್ ಕುಳಿಯ ಹತ್ತಿರ ಬರಿಗಣ್ಣಿಗೆ ಕಾಣದ ಒಂದು ಕಪ್ಪು ಕಲೆ ಗುರುತಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ, ಕಾಣೋ ಬೆಳಕು ತಡೆದು ಅತಿನೇರಳೆಯನ್ನು ಮಾತ್ರ ಬಿಡೋ ಕಪ್ಪು ಗಾಜು ಕಂಡುಹಿಡಿದರು. ಚರ್ಮರೋಗದ ಡಾಕ್ಟರುಗಳು ಇಂದಿಗೂ ಬಳಸೋ ವುಡ್ಸ್ ಲ್ಯಾಂಪ್ ಬಂದದ್ದು ಇದರಿಂದಲೇ.

ಇಲ್ಲದ ಬೆಳಕು

ವುಡ್ ಅವರ ಬದುಕಿನ ದೊಡ್ಡ ಘಟನೆ ಅಂತ ನನಗನ್ನಿಸೋದು ಇದಕ್ಕಿಂತ ಆರು ವರ್ಷ ಹಿಂದಿನದು. ಅದು ಇರೋ ಬೆಳಕಿನದಲ್ಲ, ಇಲ್ಲದ ಬೆಳಕಿನದು.

1903ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ಪ್ರೊಫೆಸರ್ ರೆನೆ ಬ್ಲಾಂಡ್ಲೋ ಹೊಸ ಕಿರಣ ಸಿಕ್ಕಿದೆ ಅಂತ ಪ್ರಕಟಿಸಿದರು. ಊರ ಹೆಸರಿನಿಂದ ಅದಕ್ಕೆ ಎನ್-ರೇ ಅಂತ ಹೆಸರಿಟ್ಟರು. ಬ್ಲಾಂಡ್ಲೋ ಸಾಮಾನ್ಯ ಮನುಷ್ಯ ಅಲ್ಲ, ದೇಶದಲ್ಲಿ ಗೌರವ ಇದ್ದ ವಿಜ್ಞಾನಿ. ಎಕ್ಸ್-ರೇ ಸಿಕ್ಕಿ ಎಂಟು ವರ್ಷ ಆಗಿತ್ತಷ್ಟೇ, ರೇಡಿಯಂ ಬಂದಿತ್ತು, ಇನ್ನೊಂದು ಕಿರಣ ಯಾಕಿರಬಾರದು? ಕತ್ತಲ ಕೋಣೆಯಲ್ಲಿ ಮಂಕಾದ ಕಿಡಿಯೋ ಹೊಳೆಯೋ ಪರದೆಯೋ ಎನ್-ರೇ ಬಿದ್ದಾಗ ಕೊಂಚ ಜಾಸ್ತಿ ಬೆಳಗುತ್ತೆ, ಅದೇ ಸಾಕ್ಷಿ. ಫ್ರಾನ್ಸಿನ ಹತ್ತಾರು ವಿಜ್ಞಾನಿಗಳು ತಮಗೂ ಕಂಡಿತು ಅಂದರು. ಮನುಷ್ಯನ ನರ, ಸ್ನಾಯುಗಳಿಂದಲೂ ಎನ್-ರೇ ಬರುತ್ತೆ ಅಂತ ಲೇಖನಗಳು ಬಂದವು. ಆದರೆ ಇಂಗ್ಲೆಂಡ್, ಜರ್ಮನಿಯ ಎಷ್ಟೋ ಜನಕ್ಕೆ ಏನೂ ಕಾಣಲಿಲ್ಲ. ವುಡ್ ಕೂಡ ತಮ್ಮ ಲ್ಯಾಬ್‌ನಲ್ಲಿ ಪ್ರಯತ್ನಪಟ್ಟು ಸೋತಿದ್ದರು. 1904ರ ಸೆಪ್ಟೆಂಬರ್‌ನಲ್ಲಿ ಅವರೇ ನಾನ್ಸಿಗೆ ಹೋದರು.

ಅಲ್ಲಿ ಎನ್-ರೇಗಳನ್ನು ಅಲ್ಯೂಮಿನಿಯಂ ಪಟ್ಟಕದಿಂದ ಬಿಡಿಸಿ, ಅವು ಎಲ್ಲೆಲ್ಲಿ ಬೀಳ್ತವೆ ಅಂತ ಮಿಲಿಮೀಟರಿನ ಭಾಗಗಳಲ್ಲಿ ಅಳೆದು ತೋರಿಸಿದರು. ಕೋಣೆ ಕತ್ತಲೆ. ವುಡ್ ಸದ್ದಿಲ್ಲದೆ ಪಟ್ಟಕವನ್ನು ತೆಗೆದುಬಿಟ್ಟರು. ಪಟ್ಟಕ ಇಲ್ಲದಿದ್ದರೆ ಸ್ಪೆಕ್ಟ್ರಮ್ ಎಲ್ಲಿಂದ ಬರಬೇಕು? ಆದರೂ ಅಳೆಯುತ್ತಿದ್ದವರಿಗೆ ಅದೇ ಜಾಗದಲ್ಲಿ ಅದೇ ರೀಡಿಂಗ್! ಇನ್ನೊಂದು ಪ್ರಯೋಗದಲ್ಲಿ, ಉಕ್ಕಿನ ಅರವನ್ನು ಕಣ್ಣಿನ ಹತ್ತಿರ ಹಿಡಿದರೆ ಮಂಕು ಬೆಳಕಲ್ಲೂ ಗಡಿಯಾರದ ಮುಖ ಚೆನ್ನಾಗಿ ಕಾಣುತ್ತೆ ಅಂದರು. ವುಡ್ ಅರವನ್ನು ಬದಲಿಸಿ ಅಷ್ಟೇ ಗಾತ್ರದ ಮರದ ತುಂಡು ಹಿಡಿದರು. ಮರದಿಂದ ಎನ್-ರೇ ಬರಲ್ಲ ಅನ್ನೋದು ಅವರದೇ ಸಿದ್ಧಾಂತ. ಆದರೂ ಗಡಿಯಾರ ಚೆನ್ನಾಗೇ ಕಂಡಿತು. ಅರದ ಬದಲು ಮರ, ಗೊತ್ತೇ ಆಗಲಿಲ್ಲ.

ಇದರಲ್ಲಿ ಫೋಟೋಗ್ರಫಿ ಮಾಡೋರು ಗಮನಿಸಬೇಕಾದದ್ದು ಒಂದಿದೆ. ಬ್ಲಾಂಡ್ಲೋ ಬಳಿ ಫೋಟೋ ಸಾಕ್ಷಿಯೂ ಇತ್ತು. ಎನ್-ರೇ ಬಿದ್ದಾಗಿನ ಕಿಡಿ, ಬೀಳದಾಗಿನ ಕಿಡಿ, ಎರಡೂ ಅಕ್ಕಪಕ್ಕ, ಮೊದಲನೆಯದು ಜಾಸ್ತಿ ಬೆಳ್ಳಗೆ. ಆದರೆ ಪ್ಲೇಟನ್ನು ಆ ಕಡೆ ಈ ಕಡೆ ಸರಿಸಿ ಎಕ್ಸ್‌ಪೋಸ್ ಮಾಡ್ತಿದ್ದದ್ದು ಕೈಯಿಂದ. ಉತ್ತರ ಏನು ಬರಬೇಕು ಅಂತ ಗೊತ್ತಿರೋ ಕೈ ಒಂದು ಕಡೆಗೆ ತನಗೇ ಗೊತ್ತಿಲ್ಲದೆ ಕೊಂಚ ಜಾಸ್ತಿ ಹೊತ್ತು ಕೊಡಬಹುದು ಅಂತ ವುಡ್ ತೋರಿಸಿದರು. ಕ್ಯಾಮೆರಾ ಸುಳ್ಳು ಹೇಳಲ್ಲ ಅಂತೀವಿ, ಆದರೆ ಅದನ್ನು ಹಿಡಿದ ಕೈಯನ್ನೂ ಪರೀಕ್ಷೆ ಮಾಡಬೇಕು. 1904ರ ಸೆಪ್ಟೆಂಬರ್ 29ರ ನೇಚರ್ ಪತ್ರಿಕೆಯಲ್ಲಿ ವುಡ್ ಪತ್ರ ಬಂತು. ಫ್ರಾನ್ಸಿನ ಹೊರಗೆ ಎನ್-ರೇ ಕಥೆ ಅಲ್ಲಿಗೆ ಮುಗೀತು.

ಬ್ಲಾಂಡ್ಲೋ ಮೋಸಗಾರ ಅಲ್ಲ. ಅವರು ತಮಗೆ ಕಂಡದ್ದನ್ನೇ ಬರೆದರು, ಆದರೆ ಕಾಣಬೇಕು ಅಂತ ಮನಸ್ಸು ಮಾಡಿದ್ದು ಕಂಡಿತು. ಇನ್‌ಫ್ರಾರೆಡ್ಡೂ ಕಣ್ಣಿಗೆ ಕಾಣಲ್ಲ, ಎನ್-ರೇಯೂ ಕಾಣಲ್ಲ. ವ್ಯತ್ಯಾಸ ಇಷ್ಟೇ: ಯಾರು ಅಳೆದರೂ, ಉತ್ತರ ಗೊತ್ತಿಲ್ಲದವರು ಅಳೆದರೂ, ಇನ್‌ಫ್ರಾರೆಡ್ ಅದೇ ಜಾಗದಲ್ಲಿ ಸಿಗುತ್ತೆ. ಗೆಂಡೆಹಳ್ಳಿಯ ಕಾಫಿ ಎಲೆಗೂ ಅಮೆರಿಕದ ಮರಕ್ಕೂ ಒಂದೇ ಬಿಳಿ.

ರಾಮನ್‌ಗೆ ಬಂದ ಬೆಂಬಲ

ಇಷ್ಟು ಅನುಮಾನದ ಮನುಷ್ಯ ಒಪ್ಪಿದರೆ ಅದಕ್ಕೆ ತೂಕ ಜಾಸ್ತಿ ಅಲ್ವಾ? 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್, ಚದುರಿದ ಬೆಳಕಿನಲ್ಲಿ ಹೊಸ ಬಣ್ಣಗಳು ಸೇರ್ತವೆ ಅಂತ ಕಂಡರು. ತೀರಾ ಮಂಕಾದ, ಸುಲಭಕ್ಕೆ ಕಾಣದ ಗೆರೆಗಳು ಅವು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವುಡ್ ಆ ಪ್ರಯೋಗವನ್ನು ತಾವೇ ಮಾಡಿ ನೋಡಿದರು. ಗೆರೆಗಳು ಬಂದವು. ತಕ್ಷಣ ನೇಚರ್ ಪತ್ರಿಕೆಗೆ ಕೇಬಲ್ ಕಳಿಸಿ ರಾಮನ್ ಹೇಳಿದ್ದೆಲ್ಲ ಸರಿ ಅಂತ ಸಾರಿದರು. 1930ರಲ್ಲಿ ರಾಮನ್‌ಗೆ ನೊಬೆಲ್ ಬಂತು, 1933ರಲ್ಲಿ ಅವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ನಿರ್ದೇಶಕರಾಗಿ ಬಂದರು, ಮುಂದಿನದು ನಮಗೆಲ್ಲ ಗೊತ್ತು. ವುಡ್‌ಗೆ ನೊಬೆಲ್ ಸಿಗಲೇ ಇಲ್ಲ.

ಪಂಡಿತರಷ್ಟೇ ಆಗಿದ್ದರೆ ಈ ಬದುಕು ಇಷ್ಟು ರುಚಿಯಾಗಿರ್ತಿರಲಿಲ್ಲ. ಹಕ್ಕಿಗಳನ್ನೂ ಹೂವುಗಳನ್ನೂ ಗುರುತಿಸೋದು ಹೇಗೆ ಅಂತ ತಮಾಷೆಯ ಪದ್ಯ, ಚಿತ್ರಗಳ ಪುಸ್ತಕ ಬರೆದರು. ಇನ್ನೊಬ್ಬ ಲೇಖಕರ ಜೊತೆ ಸೈನ್ಸ್ ಫಿಕ್ಷನ್ ಕಾದಂಬರಿ ಬರೆದರು. ಆಲ್ಫ್ರೆಡ್ ಲೂಮಿಸ್ ಎಂಬ ಶ್ರೀಮಂತರ ಖಾಸಗಿ ಲ್ಯಾಬ್‌ನಲ್ಲಿ ಕಿವಿಗೆ ಕೇಳದ ಶಬ್ದದ ಮೇಲೆ ಪ್ರಯೋಗ ಮಾಡಿದರು, ಅಲ್ಟ್ರಾಸೌಂಡ್ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಕಾಣದ್ದು ಆಯ್ತು, ಕೇಳದ್ದೂ ಆಯ್ತು! 1955ರ ಆಗಸ್ಟ್ 11ರಂದು, 87ನೇ ವಯಸ್ಸಿಗೆ ತೀರಿಕೊಂಡರು. ಚಂದ್ರನ ಮೇಲಿನ ಒಂದು ಕುಳಿಗೆ ಈಗ ಅವರ ಹೆಸರಿದೆ.

ಬಿಳಿ ಎಲೆಯಿಂದ ಉಪಗ್ರಹದ ತನಕ

ವುಡ್ 1910ರಲ್ಲಿ ತೋರಿಸಿದ ಬಿಳಿ ಎಲೆ ನಮ್ಮ ಕಡೆ ಹೊಟ್ಟೆಪಾಡಿನ ವಿಷಯವೂ ಹೌದು. ಆರೋಗ್ಯವಾಗಿರೋ ಎಲೆ ಇನ್‌ಫ್ರಾರೆಡ್‌ನಲ್ಲಿ ಚೆನ್ನಾಗಿ ಹೊಳೆಯುತ್ತೆ, ರೋಗ ಬಿದ್ದ ಎಲೆಯ ಒಳರಚನೆ ಕೆಟ್ಟು ಹೊಳಪು ಕುಗ್ಗುತ್ತೆ. ಭಾರತದಲ್ಲಿ ರಿಮೋಟ್ ಸೆನ್ಸಿಂಗ್ ಶುರುವಾದದ್ದೇ ಹೀಗೆ. ಪಿ.ಆರ್. ಪಿಶಾರೋಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಹಾರಿ, ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಫೋಟೋ ತೆಗೆದು, ಬೇರು ಸೊರಗು ರೋಗ ಬಂದ ಮರಗಳನ್ನು ಮೇಲಿನಿಂದಲೇ ಗುರುತಿಸಿತು. ತೆಂಗನ್ನೇ ನಂಬಿರೋ ಅರಸೀಕೆರೆ ಕಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾದಲ್ಲೂ ಇನ್‌ಫ್ರಾರೆಡ್ ಪಟ್ಟಿ ಇತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಇವತ್ತು ಬೆಳೆ ಹೇಗಿದೆ ಅಂತ ಹೇಳೋ ಎನ್‌ಡಿವಿಐ ಅನ್ನೋ ಸೂಚ್ಯಂಕದ ಲೆಕ್ಕ ಬಹಳ ಸರಳ: ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಇನ್‌ಫ್ರಾರೆಡ್ ಫಿಲ್ಟರ್ ಇರೋ ಒಂದು ಕ್ಯಾಮೆರಾ, ಇಲ್ಲದ ಒಂದು ಕ್ಯಾಮೆರಾ ಮತ್ತು ಸ್ವಲ್ಪ ಪೈಥಾನ್ ಬರೋರು ಇದನ್ನು ಮಿನಿ ಪ್ರಾಜೆಕ್ಟಾಗಿ ಮಾಡಬಹುದು.

ಮಾಡೋದಾದರೆ ವುಡ್ ಅವರಿಂದ ಫಿಲ್ಟರ್ ಜೊತೆಗೆ ಇನ್ನೊಂದನ್ನೂ ತಗೊಳ್ಳಿ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ರೀಡಿಂಗ್ ಬರೆಯೋದು ಯಾವ ಕಾಲೇಜಿನ ಲ್ಯಾಬ್‌ಗೂ ಹೊಸದಲ್ಲ. ಗ್ರಾಫ್ ಚೆನ್ನಾಗಿ ಬಂತು ಅಂತ ಗೈಡ್ ಹತ್ತಿರ ಓಡೋ ಮುಂಚೆ, ಯಾವ ಎಲೆ ರೋಗದ್ದು, ಯಾವುದು ಒಳ್ಳೇದು ಅಂತ ಗೊತ್ತಿಲ್ಲದ ಫ್ರೆಂಡ್ ಕೈಗೆ ಫೋಟೋ ಕೊಟ್ಟು ಅಳೆಯೋಕೆ ಹೇಳಿ. ಒಂದು ಸಲ ಪಟ್ಟಕ ತೆಗೆದು ನೋಡಿ. ಆಗಲೂ ಅದೇ ರೀಡಿಂಗ್ ಬಂದರೆ ನಿಮಗೆ ಸಿಕ್ಕಿರೋದು ಎನ್-ರೇ.